ಕಡಿಮೆ ನೀರಿನ ಹೊಸ ಕಮೋಡ್: ಹ್ಯಾಂಡಲ್ ಒತ್ತಿ ಬಿಡಬೇಕಾ, ಹಿಡಿದೇ ಇರಬೇಕಾ?

ತುಂತುರುಹನಿ

ಎಲ್ಲರಿಗೂ ನಮಸ್ಕಾರ. ಹಳೇ ಕಮೋಡ್ ತೆಗೆಸಿ, ಒಂದು ಫ್ಲಶ್‌ಗೆ 4.8 ಲೀಟರ್ ಸಾಕು ಅನ್ನುವ ಹೊಸದನ್ನು ಹಾಕಿಸಿದ್ದೇವೆ. ಬೇರೆಲ್ಲ ಚೆನ್ನಾಗಿದೆ, ತಲೆನೋವು ಆಗಿರುವುದು ಹ್ಯಾಂಡಲ್.

ಹಳೇದರಲ್ಲಿ ಹ್ಯಾಂಡಲ್ ಒಂದು ಸಲ ತಳ್ಳಿ ಬಿಟ್ಟರೆ ಮುಗಿಯಿತು, ಟ್ಯಾಂಕ್ ಖಾಲಿ ಆಗುವವರೆಗೆ ನೀರು ತಾನಾಗೇ ಹೋಗುತ್ತಿತ್ತು. ಇದು ಹಾಗಲ್ಲ. ಮೊದಲು ಸ್ವಲ್ಪ ದೂರ ಸುಮ್ನೆ ಸಡಿಲವಾಗಿ ಇಳಿಯುತ್ತದೆ. ಆಮೇಲೆ ಒಂದು ಕಡೆ ಗಟ್ಟಿಯಾಗಿ ತಡೆಯುತ್ತದೆ. ಅಲ್ಲಿ ಜೋರಾಗಿ ಒತ್ತಿದರೆ ಟಪಕ್ ಅಂತ ಬಿಟ್ಟುಕೊಂಡು ಕೆಳಗೆ ಹೋಗುತ್ತದೆ. ತಕ್ಷಣ ಕೈ ಬಿಟ್ಟರೆ ನೀರು ಅರ್ಧಕ್ಕೇ ನಿಲ್ಲುತ್ತದೆ, ಕಾಗದ ಸುತ್ತು ಹೊಡೆದು ಅಲ್ಲೇ ತೇಲುತ್ತದೆ. ಒಂದೆರಡು ಸೆಕೆಂಡ್ ಹಿಡಿದುಕೊಂಡರೆ ಎಲ್ಲ ಸರಿಯಾಗಿ ಹೋಗುತ್ತದೆ.

ಅಮ್ಮನಿಗೆ ಬೆರಳಿನ ಗಂಟು ನೋವು. ಅವರಿಗೆ ಆ ಗಟ್ಟಿ ಜಾಗ ದಾಟಿಸುವುದೇ ಕಷ್ಟ, ಇನ್ನು ಹಿಡಿದುಕೊಂಡು ನಿಲ್ಲುವುದು ದೂರದ ಮಾತು. ಇದು ಹ್ಯಾಂಡಲ್‌ನ ದೋಷವಾ, ಅಥವಾ ಕಡಿಮೆ ನೀರಿನ ಕಮೋಡ್ ಎಲ್ಲ ಹೀಗೇನಾ? ಹಿಡಿದುಕೊಂಡರೆ ನೀರು ಜಾಸ್ತಿ ಹೋಗುತ್ತದೆ ಅಂದರೆ ಇದನ್ನು ಹಾಕಿಸಿ ಏನು ಬಂತು? ಪ್ಲಂಬರ್ "ಹೊಸದಲ್ವಾ, ಬಳಸ್ತಾ ಬಳಸ್ತಾ ಸರಿಹೋಗುತ್ತೆ" ಅಂದರು. ನಂಬಬಹುದಾ?

ಪಾನಾಪಕ್ಕಡ್

ಬಳಸ್ತಾ ಸರಿಹೋಗುವ ವಿಷಯ ಅಲ್ಲ ಇದು. ಆದರೆ ಹ್ಯಾಂಡಲ್ ಕೆಟ್ಟಿದೆ ಅಂತಲೂ ಅಲ್ಲ. ಸಡಿಲ, ಗಟ್ಟಿ, ಟಪಕ್ ಅಂತ ನೀವು ಬರೆದಿದ್ದೀರಲ್ಲ, ಆ ಮೂರರಲ್ಲೇ ಉತ್ತರ ಇದೆ.

ಸಡಿಲವಾಗಿ ಇಳಿಯುವಷ್ಟು ಹೊತ್ತು ಹ್ಯಾಂಡಲ್ ಏನನ್ನೂ ಎತ್ತುತ್ತಿಲ್ಲ, ಒಳಗಿನ ಚೈನ್ ಬಿಗಿಯಾಗುತ್ತಿದೆ ಅಷ್ಟೇ. ಗಟ್ಟಿ ಅನಿಸುವ ಜಾಗದಲ್ಲಿ ಚೈನ್ ಬಿಗಿಯಾಗಿ, ಟ್ಯಾಂಕ್ ತಳದ ತೂತನ್ನು ಮುಚ್ಚಿಕೊಂಡಿರುವ ರಬ್ಬರ್ ಮುಚ್ಚಳವನ್ನು ಎಳೆಯಲು ಶುರು ಮಾಡಿದೆ. ಅದಕ್ಕೆ ಫ್ಲಾಪರ್ ಅಂತಾರೆ. ಅದರ ಮೇಲೆ ನೀರಿನ ಭಾರ ಕೂತಿರುತ್ತದೆ. ಒಂದು ಚೂರು ಎದ್ದರೆ ಸಾಕು, ಕೆಳಗೂ ನೀರು ನುಗ್ಗಿ ಮೇಲಿನ ಭಾರ ಇಲ್ಲದಂತಾಗುತ್ತದೆ. ಅದೇ ನಿಮ್ಮ ಟಪಕ್.

ಹೊಸದು ಯಾಕೆ ಜಾಸ್ತಿ ಗಟ್ಟಿ ಅಂದರೆ, ಹಳೇ ಕಮೋಡ್‌ಗಳಲ್ಲಿ ಆ ತೂತು ಸಾಮಾನ್ಯವಾಗಿ 2 ಇಂಚು. ಕಡಿಮೆ ನೀರಿನವುಗಳಲ್ಲಿ ಬಹಳಷ್ಟಕ್ಕೆ 3 ಇಂಚು. ಒಂದೇ ಇಂಚು ಜಾಸ್ತಿ ಅನಿಸಬಹುದು, ಆದರೆ ತೂತಿನ ವಿಸ್ತೀರ್ಣ ಎರಡೂಕಾಲು ಪಟ್ಟು ಆಗುತ್ತದೆ. ಮೇಲೆ 20 ಸೆಂಟಿಮೀಟರ್ ನೀರು ನಿಂತಿದೆ ಅಂತ ಇಟ್ಟುಕೊಳ್ಳಿ. 2 ಇಂಚಿನ ಮುಚ್ಚಳದ ಮೇಲೆ ಸುಮಾರು 400 ಗ್ರಾಂ ಭಾರ, 3 ಇಂಚಿನದರ ಮೇಲೆ ಸುಮಾರು 900 ಗ್ರಾಂ. ಆ ವ್ಯತ್ಯಾಸ ಬೆರಳಿಗೆ ಗೊತ್ತಾಗದೆ ಇರುತ್ತದಾ?

ಇದು ಬೇಕೆಂದೇ ಮಾಡಿರುವುದು. ಕಮೋಡ್ ತೊಳೆಯುವುದು ಎಷ್ಟು ನೀರು ಬಿತ್ತು ಅನ್ನುವುದರಿಂದ ಮಾತ್ರ ಅಲ್ಲ, ಎಷ್ಟು ಬೇಗ ಬಿತ್ತು ಅನ್ನುವುದರಿಂದ. ಬೋಗುಣಿಯ ಹಿಂದಿನ ಬಾಗಿದ ಕೊಳವೆ ಒಂದೇ ಸಲಕ್ಕೆ ನೀರಿನಿಂದ ತುಂಬಿದರೆ ಮಾತ್ರ ಸೈಫನ್ ಆಗಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. 13 ಲೀಟರ್ ಇದ್ದಾಗ ಸ್ವಲ್ಪ ನಿಧಾನ ಬಿದ್ದರೂ ನಡೆಯುತ್ತಿತ್ತು. 4.8 ಲೀಟರ್ ಇದ್ದಾಗ ಪೂರ್ತಿ ನೀರು ದಬದಬ ಒಟ್ಟಿಗೆ ಬೀಳಬೇಕು. ಅದಕ್ಕೇ ದೊಡ್ಡ ತೂತು.

ಆದ್ದರಿಂದ ಮೆಲ್ಲಗೆ, ಹಿಂಜರಿದು ಒತ್ತುವುದು ಇದಕ್ಕೆ ಆಗಿಬರುವುದಿಲ್ಲ. ಒಂದೇ ಸಲಕ್ಕೆ, ಪೂರ್ತಿ ಕೆಳಗಿನವರೆಗೆ ಒತ್ತಬೇಕು. ಅರ್ಧ ಎದ್ದ ಫ್ಲಾಪರ್‌ನಿಂದ ಅಷ್ಟೇ ನೀರು ಹೋಗಬಹುದು, ಆದರೆ ಸೈಫನ್ ಹಿಡಿಯುವುದಿಲ್ಲ. ನೀರೂ ಹೋಯಿತು, ಕೆಲಸವೂ ಆಗಲಿಲ್ಲ.

ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ಏನಿದೆ ಅಂತ ನೋಡಿ ಬರೆಯಿರಿ. ಮುಚ್ಚಳ ಪಿಂಗಾಣಿ, ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಬಟ್ಟೆ ಹಾಸಿ ಮಲಗಿಸಿ. ಗೋಡೆಗೆ ಒರಗಿಸಬೇಡಿ, ಜಾರಿದರೆ ಚೂರು ಚೂರು.

ನೀಲಿಕಲ್ಲು

ಪಾನಾಪಕ್ಕಡ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಿಡಿದುಕೊಳ್ಳಬೇಕಾ ಬಿಡಬೇಕಾ ಅನ್ನುವುದಕ್ಕೆ ಎಲ್ಲ ಕಮೋಡ್‌ಗೂ ಒಂದೇ ಉತ್ತರ ಇಲ್ಲ. ಒಳಗಿನ ವಾಲ್ವ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಮಾಮೂಲಿ ಫ್ಲಾಪರ್‌ನ ಅಡಿಯಲ್ಲಿ ಬಟ್ಟಲಿನಂತಹ ಜಾಗ ಇರುತ್ತದೆ, ಅಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಒಮ್ಮೆ ಎತ್ತಿದರೆ ಅದು ತೇಲುತ್ತಾ ನಿಲ್ಲುತ್ತದೆ, ನೀರು ಕೆಳಗಿಳಿದ ಮೇಲೆ ತಾನೇ ಬಂದು ಮುಚ್ಚಿಕೊಳ್ಳುತ್ತದೆ. ನಿಮ್ಮ ಹಳೇ ಹ್ಯಾಂಡಲ್ ಬಿಟ್ಟರೂ ನೀರು ಹೋಗುತ್ತಿದ್ದದ್ದು ಇದಕ್ಕೇ. ಕಡಿಮೆ ನೀರಿನ ಎಷ್ಟೋ ಕಮೋಡ್‌ಗಳಲ್ಲಿ ಆ ಗಾಳಿ ಬೇಗ ಹೊರಗೆ ಹೋಗಲಿ ಅಂತ ಸಣ್ಣ ತೂತು ಇಟ್ಟಿರುತ್ತಾರೆ. ಗಾಳಿ ಹೋದಂತೆ ಒಳಗೆ ನೀರು ತುಂಬಿ ಫ್ಲಾಪರ್ ಭಾರವಾಗುತ್ತದೆ, ಟ್ಯಾಂಕ್‌ನಲ್ಲಿ ಇನ್ನೂ ನೀರು ಇರುವಾಗಲೇ ಮುಚ್ಚಿಕೊಳ್ಳುತ್ತದೆ. ಕೆಲವದರಲ್ಲಿ ಆ ತೂತು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಬಿಲ್ಲೆಯೂ ಇರುತ್ತದೆ. ಇಂಥದ್ದಾದರೆ ಹ್ಯಾಂಡಲ್ ಹಿಡಿದುಕೊಂಡಷ್ಟು ಹೊತ್ತು ನಿಜವಾಗಲೂ ನೀರು ಜಾಸ್ತಿ ಹೋಗುತ್ತದೆ, ಯಾಕೆಂದರೆ ಮುಚ್ಚಲು ನೀವು ಬಿಡುತ್ತಿಲ್ಲ.

ಇನ್ನು ಕೆಲವು ಕಮೋಡ್‌ಗಳಲ್ಲಿ ಟ್ಯಾಂಕ್‌ನಲ್ಲಿ ಇರುವುದೇ 4.8 ಲೀಟರ್, ಅದು ಪೂರ್ತಿ ಖಾಲಿಯಾಗಲೆಂದೇ ಇರುವುದು. ಅಲ್ಲಿ ಹಿಡಿದುಕೊಂಡರೆ ಜಾಸ್ತಿ ಹೋಗುವುದು ಆ ಹೊತ್ತಿಗೆ ನಲ್ಲಿಯಿಂದ ಬರುವ ಸಣ್ಣ ನೀರು ಮಾತ್ರ.

ಒಂದೇ ಹ್ಯಾಂಡಲ್‌ನಲ್ಲಿ ಎರಡು ಥರದ ಫ್ಲಶ್ ಇರುವವೂ ಇವೆ. ಕೆಲವಕ್ಕೆ ಒತ್ತಿ ಬಿಟ್ಟರೆ ಅರ್ಧ, ಹಿಡಿದರೆ ಪೂರ್ತಿ. ಕೆಲವಕ್ಕೆ ಮೇಲೆ ಎತ್ತಿದರೆ ಒಂದು, ಕೆಳಗೆ ಒತ್ತಿದರೆ ಇನ್ನೊಂದು. ನಿಮ್ಮದು ಇದರಲ್ಲಿ ಯಾವುದಾದರೂ ಆಗಿದ್ದರೆ ದೋಷವೇ ಇಲ್ಲ, ನಿಮಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಜೊತೆಗೆ ಬಂದ ಹಾಳೆ ಎಸೆಯದೆ ಇದ್ದರೆ ಒಮ್ಮೆ ನೋಡಿ.

ಹೊಂಗೆನೆರಳು

ನನ್ನ ಮಾತು ನೇರ. ಈ ಕಡಿಮೆ ನೀರಿನವು ಎಲ್ಲ ದಂಡ. ಒಂದು ಸಲಕ್ಕೆ ಹೋಗಲ್ಲ, ಎರಡು ಸಲ ಒತ್ತಬೇಕು, ಲೆಕ್ಕ ಹಾಕಿದರೆ ಹಳೇದಕ್ಕೂ ಇದಕ್ಕೂ ಏನು ವ್ಯತ್ಯಾಸ? ನೀರು ಉಳಿಸಬೇಕು ಅಂದರೆ ಸೋರುವ ನಲ್ಲಿ ಸರಿಮಾಡಿಸಲಿ. ಗಟ್ಟಿ ಹ್ಯಾಂಡಲ್ ಹಾಕಿ ವಯಸ್ಸಾದವರಿಗೆ ತೊಂದರೆ ಕೊಡೋದು ಯಾಕೆ?

ಬಾವಿಕಟ್ಟೆ

ಹೊಂಗೆನೆರಳು ಅವರೇ, ವಯಸ್ಸಾದವರ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಅದಕ್ಕೆ ಕೆಳಗೆ ಬರುತ್ತೇನೆ. ಆದರೆ ಎಲ್ಲ ದಂಡ ಅನ್ನುವುದು ಹಳೇ ಕಾಲದ ಕಮೋಡ್‌ಗಳಿಗೆ ಮಾತ್ರ ಸರಿ. ಅಮೆರಿಕದಲ್ಲಿ 1992ರಲ್ಲಿ ಕಾನೂನು ಮಾಡಿ, 1994ರಿಂದ ಮನೆಗೆ ಬರುವ ಹೊಸ ಕಮೋಡ್ 6 ಲೀಟರ್ ದಾಟಬಾರದು ಅಂದರು. ಆಗ ಎಷ್ಟೋ ತಯಾರಕರು ಬೋಗುಣಿಯನ್ನು ಹಾಗೇ ಇಟ್ಟು ನೀರನ್ನು ಮಾತ್ರ ಕಡಿಮೆ ಮಾಡಿದರು. ಅವು ನಿಜವಾಗಲೂ ಕಟ್ಟಿಕೊಳ್ಳುತ್ತಿದ್ದವು. ಕೆಟ್ಟ ಹೆಸರು ಬಂದದ್ದು ಅಲ್ಲಿಂದ. ಆಮೇಲೆ ಕೊಳವೆ ಅಗಲ ಆಯಿತು, ಒಳಗೂ ನುಣುಪು ಬಂತು, ವಾಲ್ವ್ ದೊಡ್ಡದಾಯಿತು.

ಈಗ ಪರೀಕ್ಷೆಯೂ ಇದೆ. 2003ರಿಂದ ಮ್ಯಾಪ್ ಅನ್ನುವ ಪರೀಕ್ಷೆ ನಡೆಯುತ್ತಿದೆ. ಸೋಯಾಬೀನ್ ರುಬ್ಬಿ ಮಾಡಿದ ಮುದ್ದೆಯನ್ನೂ ಕಾಗದವನ್ನೂ ಹಾಕಿ, ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಅಂತ ಅಳೆಯುತ್ತಾರೆ. ನೀರು ಉಳಿಸುವ ಸಾಮಾನಿಗೆ ಅಮೆರಿಕದಲ್ಲಿ ಕೊಡುವ ವಾಟರ್‌ಸೆನ್ಸ್ ಗುರುತು ಬೇಕೆಂದರೆ 4.8 ಲೀಟರ್ ಒಳಗೆ ಕನಿಷ್ಠ 350 ಗ್ರಾಂ ಹೋಗಲೇಬೇಕು. 1000 ಗ್ರಾಂ ದಾಟಿಸುವ ಮಾದರಿಗಳೂ ಇವೆ. ಹೊಸದು ತಗೊಳ್ಳುವವರು ಆ ಅಂಕಿ ನೋಡಿ ತಗೊಂಡರೆ ಎರಡು ಸಲ ಒತ್ತುವ ಪ್ರಮೇಯ ಬರುವುದು ಕಡಿಮೆ.

ಈಗ ಅಮ್ಮನ ವಿಷಯ. ಅಂಗವಿಕಲರಿಗಾಗಿ ಇರುವ ಅಮೆರಿಕದ ಕಟ್ಟಡ ನಿಯಮದಲ್ಲಿ ಫ್ಲಶ್ ಹ್ಯಾಂಡಲ್‌ಗೆ 22 ನ್ಯೂಟನ್, ಅಂದರೆ ಸುಮಾರು 2.2 ಕೆಜಿ ಭಾರಕ್ಕಿಂತ ಜಾಸ್ತಿ ಬಲ ಬೇಕಾಗಬಾರದು ಅಂತ ಇದೆ. ಒಂದೇ ಕೈಯಲ್ಲಿ, ಹಿಡಿದು ತಿರುಚದೆ ಒತ್ತುವ ಹಾಗೂ ಇರಬೇಕು. ಇದನ್ನು ಮನೆಯಲ್ಲೇ ಅಳೆಯಬಹುದು. ಎರಡು ಲೀಟರ್ ಬಾಟಲಿಗೆ ನೀರು ತುಂಬಿ, ದಾರ ಕಟ್ಟಿ, ಹ್ಯಾಂಡಲ್‌ನ ತುದಿಗೆ ಮೆಲ್ಲಗೆ ನೇತುಹಾಕಿ. ಬಾಟಲಿ ಕೆಳಗೆ ಕೈ ಇಟ್ಟುಕೊಂಡಿರಿ. ಆ ಭಾರಕ್ಕೇ ಹ್ಯಾಂಡಲ್ ಇಳಿದು ಫ್ಲಶ್ ಆದರೆ ನಿಯಮದ ಒಳಗೆ ಇದೆ. ಇಳಿಯದೆ ನಿಂತರೆ ಎಲ್ಲೋ ಉಜ್ಜುತ್ತಿದೆ ಅಥವಾ ಜೋಡಣೆ ಸರಿಯಿಲ್ಲ. ನನ್ನ ಕೇಳಿದರೆ 2.2 ಕೆಜಿ ಕೂಡ ಗಂಟು ನೋವಿರುವವರಿಗೆ ಜಾಸ್ತಿಯೇ. ಒಂದು ಲೀಟರ್ ಬಾಟಲಿಗೆ ಇಳಿಯುವ ಹಾಗೆ ಮಾಡಿಕೊಳ್ಳಿ.

ತುಂತುರುಹನಿ

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮುಚ್ಚಳ ತೆಗೆದು ನೋಡಿದೆ. ದೊಡ್ಡ ಕೆಂಪು ಫ್ಲಾಪರ್, ನೀಲಿಕಲ್ಲು ಅವರು ಹೇಳಿದ ಬಿಲ್ಲೆ ಅದರ ಮೇಲೇ ಇದೆ. ಚೈನ್ ತುಂಬಾ ಉದ್ದ ಬಿಟ್ಟಿದ್ದಾರೆ, ಜೋಲು ಬಿದ್ದು ಫ್ಲಾಪರ್ ಪಕ್ಕದಲ್ಲಿ ಗುಡ್ಡೆ ಆಗಿದೆ. ಹ್ಯಾಂಡಲ್ ಒತ್ತಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕಡ್ಡಿ ಬಿಲ್ಲಿನ ಹಾಗೆ ಬಾಗುತ್ತದೆ, ಫ್ಲಾಪರ್ ಅರ್ಧಕ್ಕೆ ಎದ್ದು ವಾಲಿಕೊಂಡು ಮತ್ತೆ ಬೀಳುತ್ತದೆ. ಬಾಟಲಿ ಪರೀಕ್ಷೆಯಲ್ಲಿ ಒಂದು ಲೀಟರ್‌ಗೆ ಅಲುಗಲಿಲ್ಲ, ಎರಡು ಲೀಟರ್‌ಗೆ ಇಳಿಯಿತು, ಆದರೆ ತಡೆದು ತಡೆದು. ನೀರು ಕೂಡ ಒಳಗಿನ ಗೆರೆಗಿಂತ ಎರಡು ಬೆರಳು ಕೆಳಗಿದೆ.

ಪಾನಾಪಕ್ಕಡ್

ಸಿಕ್ಕಿತಲ್ಲ! ಮೊದಲು ಚೈನ್. ಫ್ಲಾಪರ್ ಮುಚ್ಚಿಕೊಂಡಿರುವಾಗ ಚೈನ್‌ನಲ್ಲಿ ಒಂದು ಒಂದೂವರೆ ಸೆಂಟಿಮೀಟರ್ ಸಡಿಲ ಇದ್ದರೆ ಸಾಕು. ಜಾಸ್ತಿ ಇದ್ದರೆ ಹ್ಯಾಂಡಲ್‌ನ ಓಟ ಎಲ್ಲ ಚೈನ್ ಬಿಗಿಯಲು ಖರ್ಚಾಗುತ್ತದೆ, ಫ್ಲಾಪರ್ ಪೂರ್ತಿ ನೆಟ್ಟಗೆ ಏಳುವುದೇ ಇಲ್ಲ, ಎದ್ದು ನಿಲ್ಲದಿದ್ದರೆ ತೇಲುವುದೂ ಇಲ್ಲ. ನೀವು ಹಿಡಿದುಕೊಂಡೇ ಇರಬೇಕಾಗಿ ಬಂದದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನನಗನಿಸುತ್ತದೆ. ಹಾಗಂತ ಪೂರ್ತಿ ಬಿಗಿ ಮಾಡಲೂ ಬೇಡಿ, ಫ್ಲಾಪರ್ ಕೂರದೆ ಸದಾ ಸೋರುತ್ತದೆ. ಉಳಿದ ಚೈನ್ ತುದಿ ಜೋತಾಡುತ್ತಿದ್ದರೆ ಕತ್ತರಿಸಿ. ಅದು ಫ್ಲಾಪರ್ ಅಡಿಗೆ ಸಿಕ್ಕಿಕೊಂಡರೂ ಸೋರಿಕೆಯೇ.

ಆಮೇಲೆ ಆ ಬಾಗುವ ಕಡ್ಡಿ. 3 ಇಂಚಿನ ಫ್ಲಾಪರ್‌ಗೆ ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿ ಸಾಲುವುದಿಲ್ಲ. ಕೈಯ ಬಲ ಕಡ್ಡಿ ಬಾಗಿಸಲು ಹೋಗುತ್ತದೆ, ಫ್ಲಾಪರ್‌ವರೆಗೆ ತಲುಪುವುದಿಲ್ಲ. ಲೋಹದ ಕಡ್ಡಿ ಇರುವ ಹ್ಯಾಂಡಲ್ ಹಾಕಿಸಿ. ಕೊಳ್ಳುವಾಗ ಹ್ಯಾಂಡಲ್ ಟ್ಯಾಂಕ್‌ನ ಮುಂದೆ ಇದೆಯಾ, ಪಕ್ಕದಲ್ಲಿ ಇದೆಯಾ, ಮೂಲೆಯಲ್ಲಿ ಓರೆಯಾಗಿ ಇದೆಯಾ ಅಂತ ನೋಡಿ ಹೇಳಬೇಕು. ಮೂರಕ್ಕೂ ಕಡ್ಡಿಯ ಬಾಗು ಬೇರೆ. ತಪ್ಪಿದರೆ ಕಡ್ಡಿ ಓವರ್‌ಫ್ಲೋ ಪೈಪಿಗೋ (ಹೆಚ್ಚಾದ ನೀರು ಇಳಿದುಹೋಗಲು ಟ್ಯಾಂಕ್ ಒಳಗೆ ನಿಂತಿರುವ ಕೊಳವೆ) ಟ್ಯಾಂಕ್ ಮುಚ್ಚಳಕ್ಕೋ ತಾಗುತ್ತದೆ.

ಬಿಚ್ಚುವಾಗ ಒಂದು ಎಚ್ಚರ. ಟ್ಯಾಂಕ್ ಒಳಗೆ ಹ್ಯಾಂಡಲ್ ಹಿಡಿದಿರುವ ನಟ್‌ಗೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ. ಬೇರೆ ನಟ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತವೆ, ಇದು ಆ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಮಾಮೂಲಿ ಕಡೆಗೆ ಜೋರಾಗಿ ತಿರುಗಿಸಿದರೆ ಬಿಗಿಯಾಗ್ತಾ ಬಿಗಿಯಾಗ್ತಾ ಪಿಂಗಾಣಿಯೇ ಬಿರುಕು ಬಿಡಬಹುದು, ಆಮೇಲೆ ಟ್ಯಾಂಕ್ ಬದಲಿಸಬೇಕು. ವಾಪಸ್ ಹಾಕುವಾಗಲೂ ಕೈ ಬಿಗಿ ಆದ ಮೇಲೆ ಪಾನಾದಲ್ಲಿ ಒಂದು ಚೂರು, ಅಷ್ಟೇ. ಹ್ಯಾಂಡಲ್ ಆರಾಮಾಗಿ ಆಡಬೇಕು. ನಟ್ ತುಂಬಾ ಬಿಗಿದಿದ್ದರೂ ಹ್ಯಾಂಡಲ್ ತಡೆದು ತಡೆದು ಇಳಿಯುತ್ತದೆ, ನಿಮ್ಮದರಲ್ಲಿ ಅದೂ ಸೇರಿರಬಹುದು.

ಕಡ್ಡಿಯಲ್ಲಿ ಚೈನ್ ಸಿಕ್ಕಿಸಲು ಹಲವು ತೂತು ಇರುತ್ತವೆ, ಅಮ್ಮನಿಗೆ ಅದು ಸಹಾಯ ಆಗುತ್ತದೆ. ಹ್ಯಾಂಡಲ್ ಕಡೆಗೆ ಹತ್ತಿರದ ತೂತಿಗೆ ಹಾಕಿದರೆ ಒತ್ತುವುದು ಹಗುರ, ಆದರೆ ಫ್ಲಾಪರ್ ಏಳುವ ಎತ್ತರ ಕಡಿಮೆ. ದೂರದ ತೂತಾದರೆ ಭಾರ, ಆದರೆ ಚೆನ್ನಾಗಿ ಏಳುತ್ತದೆ. ಒಂದೊಂದೇ ತೂತು ಹಿಂದಕ್ಕೆ ಬನ್ನಿ. ಫ್ಲಾಪರ್ ಇನ್ನೂ ನೆಟ್ಟಗೆ ಏಳುತ್ತಿರುವ ಕೊನೇ ತೂತಿನಲ್ಲಿ ನಿಲ್ಲಿಸಿ. ಚೈನ್ ಆದಷ್ಟು ಫ್ಲಾಪರ್‌ನ ನೇರ ಮೇಲಿರಲಿ, ಓರೆ ಎಳೆದರೆ ಅದು ವಾಲುತ್ತದೆ.

ನೀರನ್ನು ಗೆರೆಯವರೆಗೆ ತನ್ನಿ. ನೀರಿನ ಜೊತೆ ಏರಿ ಇಳಿಯುವ ಫ್ಲೋಟ್ ಪಕ್ಕದ ತಿರುಪು ತಿರುಗಿಸಿದರೆ ಆಗುತ್ತದೆ. ಎರಡು ಬೆರಳು ಕಡಿಮೆ ಇದ್ದರೆ ಬೀಳುವ ವೇಗವೇ ಕಡಿಮೆ. ಇದನ್ನು ನೀರು ಪೋಲು ಅಂದುಕೊಳ್ಳಬೇಡಿ, 4.8 ಲೀಟರ್ ಲೆಕ್ಕ ಹಾಕಿರುವುದೇ ಆ ಗೆರೆಯವರೆಗೆ ತುಂಬಿದಾಗ.

ನೀಲಿಕಲ್ಲು

ಇದೆಲ್ಲ ಆದ ಮೇಲೂ ಬೇಗ ಮುಚ್ಚಿಕೊಂಡರೆ ಮಾತ್ರ ಬಿಲ್ಲೆ ಮುಟ್ಟಿ, ಒಂದೊಂದೇ ಗುರುತು ತಿರುಗಿಸಿ. ಒಂದೇ ಸಲ ಕೊನೆಯವರೆಗೆ ತಿರುಗಿಸಿದರೆ ಟ್ಯಾಂಕ್ ಪೂರ್ತಿ ಖಾಲಿಯಾಗಬಹುದು.

ಮುಂದೆ ಯಾವಾಗಲಾದರೂ ಫ್ಲಾಪರ್ ಬದಲಿಸುವಾಗ ಸಿಕ್ಕ ಯಾವುದೋ ಒಂದನ್ನು ಹಾಕಲು ಬಿಡಬೇಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ಬೇಗ ಮುಚ್ಚುವ ಫ್ಲಾಪರ್ ಇರಬೇಕಾದ ಕಡೆ ಮಾಮೂಲಿದು ಹಾಕಿದರೆ ಹ್ಯಾಂಡಲ್ ತುಂಬಾ ಚೆನ್ನಾಗಿದೆ ಅನಿಸುತ್ತದೆ, ಒತ್ತಿ ಬಿಟ್ಟರೆ ಸಾಕು, ಜೋರಾಗಿ ಫ್ಲಶ್ ಆಗುತ್ತದೆ. ಮನೆಯವರೆಲ್ಲ ಖುಷಿ. ಆದರೆ ಪ್ರತಿ ಸಲ ಟ್ಯಾಂಕ್‌ನ ಅಷ್ಟೂ ನೀರು ಹೋಗುತ್ತಿರುತ್ತದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೇಮಹಡಿ

ಬಟನ್ ಇರುವ ಕಮೋಡ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹ್ಯಾಂಡಲ್ ಗಟ್ಟಿ ಅಂತ ಬಟನ್‌ಗೆ ಹೋಗುವ ಯೋಚನೆ ಇದ್ದರೆ ಅಮ್ಮನ ಕೈಯಿಂದಲೇ ಒಮ್ಮೆ ಒತ್ತಿಸಿ ನೋಡಿ. ಹ್ಯಾಂಡಲ್ ಅನ್ನು ಅಂಗೈಯಿಂದ, ಮೊಣಕೈಯಿಂದ ಕೂಡ ತಳ್ಳಬಹುದು. ಮುಚ್ಚಳದ ಮೇಲಿನ ಸಣ್ಣ ದುಂಡು ಬಟನ್ ಅನ್ನು ಬೆರಳ ತುದಿಯಿಂದ, ಆಳಕ್ಕೆ, ನೇರ ಕೆಳಗೆ ಒತ್ತಬೇಕು. ಗಂಟು ನೋವಿಗೆ ಅದೇ ಹೆಚ್ಚು ಕಷ್ಟ. ನಮ್ಮ ಮನೆಯಲ್ಲಿ ಅತ್ತೆಯವರು ಅರ್ಧ ಫ್ಲಶ್‌ನ ಚಿಕ್ಕ ಭಾಗವನ್ನು ಬಿಟ್ಟು ಸದಾ ದೊಡ್ಡದನ್ನೇ ಒತ್ತುತ್ತಿದ್ದರು, ಚಿಕ್ಕದಕ್ಕೆ ಬೆರಳು ಕೂರುತ್ತಿರಲಿಲ್ಲ. 3 ಲೀಟರ್ ಸಾಕಾಗುವ ಕಡೆಯೂ 6 ಲೀಟರ್ ಹೋಗುತ್ತಿತ್ತು. ಗೋಡೆಯೊಳಗಿನ ಟ್ಯಾಂಕ್‌ನ ಅಗಲ ಪಟ್ಟಿ ಬೇರೆ ವಿಷಯ, ಅದನ್ನು ಅಂಗೈಯಲ್ಲೇ ಒತ್ತಬಹುದು.

ಹೀಗೆ ಬೇಡದ ಕಡೆಯೂ ಪೂರ್ತಿ ನೀರು ಹೋಗುವುದು ಸಾರ್ವಜನಿಕ ಶೌಚಾಲಯಗಳಲ್ಲೂ ನಡೆಯುತ್ತದೆ. ಟ್ಯಾಂಕ್ ಇಲ್ಲದೆ ನೇರ ಪೈಪಿಗೆ ಜೋಡಿಸಿದ ಲಿವರ್‌ಗಳಲ್ಲಿ ಹಸಿರು ಬಣ್ಣದವು ಇವೆ, ಮೇಲೆ ಎತ್ತಿದರೆ ಕಡಿಮೆ ನೀರು, ಕೆಳಗೆ ಒತ್ತಿದರೆ ಪೂರ್ತಿ. ಕೈ ತಾಗಿಸಲು ಹಿಂಜರಿದು ಕಾಲಲ್ಲಿ ತುಳಿಯುವವರು ಎಷ್ಟು ಜನ! ಕಾಲಲ್ಲಿ ಮೇಲೆ ಎತ್ತುವುದು ಆಗುತ್ತದಾ? ಅಲ್ಲಿ ಪ್ರತಿ ಸಲ ಪೂರ್ತಿ ನೀರೇ.

ಹೊಂಗೆನೆರಳು

ಬೇಗ ಮುಚ್ಚುವ ಫ್ಲಾಪರ್ ವಿಷಯ ನನಗೆ ಹೊಸದು. ನಮ್ಮಲ್ಲೂ ಚೈನ್ ನೋಡಿಸುತ್ತೇನೆ. ಆದರೂ ಒಂದು ಹೇಳಲೇಬೇಕು. ಕೊಳ್ಳುವವರು ಟ್ಯಾಂಕ್ ಬಿಚ್ಚಿ, ಚೈನ್ ಅಳೆದು, ಬಿಲ್ಲೆ ತಿರುಗಿಸಿ ಸರಿಮಾಡಿಕೊಳ್ಳಬೇಕು ಅಂದರೆ ಅದು ತಯಾರಕರ ಮತ್ತು ಜೋಡಿಸಿದವರ ಕೆಲಸ ಬಾಕಿ ಇದ್ದ ಹಾಗೆ. ಜೋಡಿಸಿ ಹೋಗುವ ಮುಂಚೆ ಮನೆಯವರ ಕೈಯಲ್ಲಿ ಒಮ್ಮೆ ಒತ್ತಿಸಿ ನೋಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಅಲ್ವಾ?

ಬಾವಿಕಟ್ಟೆ

ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ.

ತುಂತುರುಹನಿ

ಕೆಲಸ ಆಯಿತು! ಚೈನ್ ಗಿಡ್ಡ ಮಾಡಿದ್ದಕ್ಕೇ ಅರ್ಧ ಸರಿಹೋಯಿತು, ಒತ್ತಿದ ತಕ್ಷಣ ಹಿಡಿತ ಸಿಗುತ್ತದೆ. ಲೋಹದ ಕಡ್ಡಿಯ ಹ್ಯಾಂಡಲ್ ಹಾಕಿ, ಚೈನ್ ಒಂದು ತೂತು ಹಿಂದಕ್ಕೆ ಸಿಕ್ಕಿಸಿದೆವು. ನಟ್ ನಿಜವಾಗಲೂ ಉಲ್ಟಾ ಇತ್ತು, ಪ್ಲಂಬರ್ ಬಂದವರೇ ಮಾಮೂಲಿ ಕಡೆಗೆ ಪಾನಾ ಹಾಕಲು ಹೊರಟಿದ್ದರು, ನಾನು ತಡೆದೆ. ಈಗ ಒಂದು ಲೀಟರ್ ಬಾಟಲಿಗೆ ಹ್ಯಾಂಡಲ್ ಇಳಿಯುತ್ತದೆ. ಒತ್ತಿ ಬಿಟ್ಟರೆ ಫ್ಲಾಪರ್ ನೆಟ್ಟಗೆ ನಿಂತು, ಟ್ಯಾಂಕ್‌ನಲ್ಲಿ ಸುಮಾರು ಕಾಲು ಭಾಗ ನೀರು ಉಳಿದಾಗ ಮುಚ್ಚಿಕೊಳ್ಳುತ್ತದೆ. ಬಿಲ್ಲೆ ಮುಟ್ಟಬೇಕಾಗಲಿಲ್ಲ. ಅಮ್ಮ ಅಂಗೈ ಅಂಚಿನಿಂದ ಒತ್ತುತ್ತಾರೆ, ನೋವಿಲ್ಲ ಅಂದರು.

ಒಂದೇ ಅನುಮಾನ. ಟ್ಯಾಂಕ್ ತುಂಬಿದ ಎಷ್ಟೋ ಹೊತ್ತಿನ ಮೇಲೆ ಒಮ್ಮೊಮ್ಮೆ ಎರಡು ಸೆಕೆಂಡ್ ನೀರು ತುಂಬುವ ಸದ್ದು ಬರುತ್ತದೆ, ಯಾರೂ ಫ್ಲಶ್ ಮಾಡಿರುವುದಿಲ್ಲ. ಅದು ಏನು?

ಪಾನಾಪಕ್ಕಡ್

ಫ್ಲಾಪರ್ ಅಡಿಯಿಂದ ಸಣ್ಣಗೆ ಸೋರುತ್ತಿದೆ. ಟ್ಯಾಂಕ್‌ಗೆ ಅಡುಗೆಗೆ ಬಳಸುವ ಬಣ್ಣ ನಾಲ್ಕು ಹನಿ ಹಾಕಿ, ಹತ್ತು ಹದಿನೈದು ನಿಮಿಷ ಫ್ಲಶ್ ಮಾಡದೆ ಬಿಡಿ. ಬೋಗುಣಿಯ ನೀರಿಗೆ ಬಣ್ಣ ಬಂದರೆ ಅನುಮಾನವೇ ಬೇಡ. ಚೈನ್ ಸ್ವಲ್ಪ ಜಾಸ್ತಿ ಗಿಡ್ಡ ಆಗಿರಬಹುದು, ಒಂದು ಕೊಂಡಿ ಬಿಟ್ಟು ನೋಡಿ. ಅದಕ್ಕೂ ನಿಲ್ಲದಿದ್ದರೆ ನಲ್ಲಿ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ, ಫ್ಲಾಪರ್ ಕೂರುವ ಅಂಚನ್ನು ಬೆರಳಲ್ಲಿ ಸುತ್ತಲೂ ಸವರಿ. ಮರಳಿನ ಕಾಳೋ ಸುಣ್ಣದ ಪೊರೆಯೋ ಸಿಗುತ್ತದೆ, ಒರೆಸಿ ತೆಗೆಯಿರಿ. ಟ್ಯಾಂಕ್ ಒಳಗೆ ಹಾಕುವ ಕ್ಲೋರಿನ್ ಬಿಲ್ಲೆ ಬಳಸುತ್ತಿದ್ದರೆ ಇವತ್ತೇ ತೆಗೆದುಬಿಡಿ, ಅದು ರಬ್ಬರ್ ತಿಂದುಹಾಕುತ್ತದೆ.

ತುಂತುರುಹನಿ

ಕ್ಲೋರಿನ್ ಬಿಲ್ಲೆ ಇತ್ತು, ತೆಗೆದೆ. ಒಂದು ಕೊಂಡಿ ಬಿಟ್ಟಿದ್ದೇನೆ, ಬಣ್ಣ ಹಾಕಿ ಅರ್ಧ ಗಂಟೆ ಆಯಿತು, ಬೋಗುಣಿಯ ನೀರು ತಿಳಿಯಾಗೇ ಇದೆ.